ಹಳೆಯ ಎಂಜಿನ್ನಿಗೆ ಹೊಸ ಎಣ್ಣೆ

ಸುಳ್ಳು ಹೇಳುವುದರಲ್ಲಿ ನಾನು ಜಾಣನಲ್ಲ. ಸರಕಾರಿ ನೌಕರಿಯಲ್ಲಿದ್ದವನು ದಿನಕ್ಕೆರಡಾದರೂ ಹೇಳಬೇಕಾದ ಸಣ್ಣ ಸುಳ್ಳುಗಳನ್ನು, ಅಂದರೆ 'ಔಷಧ ನಾಳೆ ಬರುತ್ತದೆ', 'ಸಾಹೇಬರು ಈಗಷ್ಟೇ ಹೊರಗೆ ಹೋದರು' ಎಂಬಂಥವನ್ನು ಹೇಳುವಾಗಲೂ ನನ್ನ ಕಿವಿಗಳು ಕೆಂಪಾಗುತ್ತವೆ. ಹೀಗಿದ್ದೂ ಒಂದೇ ಒಂದು ಸುಳ್ಳನ್ನು ಮಾತ್ರ ನಾನು ತಡವರಿಸದೆ, ಹಾಡಹಗಲಲ್ಲಿ, ನಡುರಸ್ತೆಯಲ್ಲಿ ನಿಂತು ಹೇಳಿದ್ದೇನೆ. ಅದು ನಾಲ್ಕು ಲೀಟರ್ ಎಂಜಿನ್ ಎಣ್ಣೆಯ ಸಲುವಾಗಿ ಹೇಳಿದ್ದು. ಹೆಣ್ಣು, ಹೊನ್ನು, ಮಣ್ಣಿಗಾಗಿ ಸುಳ್ಳು ಹೇಳಿದವರ ಕಥೆಗಳನ್ನು ನೀವು ಬೇಕಾದಷ್ಟು ಕೇಳಿರುತ್ತೀರಿ. ಎಣ್ಣೆಗಾಗಿ ಹೇಳಿದವನು ಬಹುಶಃ ನಾನೊಬ್ಬನೇ.

ಎಂಬತ್ತರ ದಶಕದ ನಡುಗಾಲ. ನಾನಾಗ ಅಣ್ಣಿಗೇರಿಯಲ್ಲಿ ದನದ ಡಾಕ್ಟರಾಗಿದ್ದೆ. ಒಂದು ಬೇಸಿಗೆಯಲ್ಲಿ ಹತ್ತಿ ವ್ಯಾಪಾರಿಯೊಬ್ಬರ ಮನೆಯ ಎಮ್ಮೆ ಈಯಲಾರದೆ ಒದ್ದಾಡುತ್ತಿದೆಯೆಂದು ಕರೆ ಬಂತು. ವ್ಯಾಪಾರಿ ತೀರಿಕೊಂಡು ನಾಲ್ಕೈದು ವರ್ಷವಾಗಿತ್ತು. ಮೈದುನರು, ಸೊಸೆಯಂದಿರು, ಮೊಮ್ಮಕ್ಕಳು ತುಂಬಿಕೊಂಡ ಆ ದೊಡ್ಡ ಮನೆಯನ್ನು ಆಳುತ್ತಿದ್ದವರು ಅವರ ಹೆಂಡತಿ ನೀಲಮ್ಮನವರು. ಅರವತ್ತರ ಆಸುಪಾಸಿನ, ಗಟ್ಟಿ ದನಿಯ ಹೆಣ್ಣುಮಗಳು. ಎರಡು ತಾಸು ತಿಣುಕಿ ಕರು ಹೊರಗೆ ತೆಗೆದೆ. ಕೈ ತೊಳೆದುಕೊಳ್ಳುವಾಗ ಕೊಟ್ಟಿಗೆಯ ಮೂಲೆಯಲ್ಲಿ ದಪ್ಪ ಬಟ್ಟೆಯ ತಾಡಪತ್ರೆ ಹೊದ್ದು ಮಲಗಿದ್ದ ಏನೋ ಒಂದು ಕಣ್ಣಿಗೆ ಬಿತ್ತು. ಅದರ ಮೇಲೊಂದು ಕೋಳಿ ಕಾವಿಗೆ ಕೂತಿತ್ತು.

"ಡಾಕ್ಟ್ರ, ಎಮ್ಮಿ ಉಳಿಸಿದ್ರಿ. ಅದನ್ನೂ ಒಂದೀಟು ನೋಡ್ರಿ," ಎಂದು ನೀಲಮ್ಮನವರು ತಾಡಪತ್ರೆ ಎತ್ತಿದರು.

ಕೆಂಪು ಬಣ್ಣದ, ಎರಡೇ ಬಾಗಿಲಿನ, ಎರಡೇ ಸೀಟಿನ ವಿಲಾಯತಿ ಓಟದ ಕಾರು! ಹೆಸರು ಹೇಳುವುದಿಲ್ಲ, ಹೇಳಿದರೆ ಕಾರು ಬಲ್ಲವರು ಅದರ ಗುಣದೋಷದ ಚರ್ಚೆಗೆ ನಿಂತುಬಿಡುತ್ತಾರೆ, ನನ್ನ ಕಥೆ ಅಲ್ಲಿಗೇ ಉಳಿಯುತ್ತದೆ. ಊರಿಗೆ ಮರಳುತ್ತಿದ್ದ ಇಂಗ್ಲಿಷ್ ಸಾಹೇಬನೊಬ್ಬನಿಂದ ಯಜಮಾನರು ಅದನ್ನು ಮುಂಬಯಿಯಲ್ಲಿ ಕೊಂಡಿದ್ದರಂತೆ. ಒಂದು ಎಂಜಿನ್ನಿಗೆ ಎರಡು ಕಾರ್ಬ್ಯುರೇಟರು. ನೆಲದಿಂದ ಒಂದು ಗೇಣು ಎತ್ತರ. ಕೂತರೆ ಕೂತಂತಲ್ಲ, ತೊಟ್ಟಿಲಲ್ಲಿ ಮಲಗಿದಂತೆ.

"ಮನ್ಯಾಗ ಯಾರಿಗೂ ಬ್ಯಾಡಾಗೇತಿ. ಇಬ್ಬರು ಕುಂಡ್ರೂ ಗಾಡಿ ಇಪ್ಪತ್ತ ಮಂದಿ ಮನಿಗೆ ಏನ ಉಪಯೋಗ ಹೇಳ್ರಿ? ನೀವ ತಗೊಂಡ ಹೋಗ್ರಿ," ಎಂದರು ನೀಲಮ್ಮನವರು. "ಆದ್ರ ಒಂದ ಮಾತು. ಗಾಡಿ ತಯಾರಾದ ಮ್ಯಾಲ ನನ್ನ ಒಮ್ಮಿ ಕುಂಡ್ರಿಸಿಕೊಂಡು ಜೋರ ಹೊಡೀಬೇಕು."

"ಯಜಮಾನರು ಕರಕೊಂಡು ಹೋಗತಿರಲಿಲ್ಲೇನ್ರಿ?"

"ಒಮ್ಮಿ ಕರಕೊಂಡ ಹೋಗಿದ್ರು. ಗಾಜಿನ ಸಾಮಾನ ಒಯ್ದಂಗ ಒಯ್ದರು. ಎತ್ತಿನ ಚಕ್ಕಡಿ ನಮ್ಮನ್ನ ದಾಟಿ ಮುಂದ ಹೋತು," ಎಂದು ಅವರು ನಗದೆ ಹೇಳಿದರು. "ಗೆಳ್ಯಾರನ್ನ ಕರಕೊಂಡು ಹೋದಾಗ ಹಂಗ ಹೋಗತಿರಲಿಲ್ಲ. ಆ ಸಪ್ಪಳಾ ನಾ ಮಾಳಿಗಿ ಮ್ಯಾಲ ನಿಂತ ಕೇಳತಿದ್ದೆ."

ನಾನು ಮಾತು ಕೊಟ್ಟೆ. ವ್ಯವಹಾರ ಅವರ ಮೈದುನರ ಜೊತೆ ಎರಡು ನಿಮಿಷದಲ್ಲಿ ಮುಗಿಯಿತು. ಕೋಳಿಯನ್ನು ಎಬ್ಬಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು.

ಕರಿಯ ಎರಿ ಭೂಮಿಯ ಸೀಮೆಯಲ್ಲಿ ಓಟದ ಕಾರು ಇಟ್ಟುಕೊಳ್ಳುವುದೆಂದರೆ ಏನೆಂದು ಆ ಮಣ್ಣು ತುಳಿದವರಿಗೆ ಗೊತ್ತು. ಬೇಸಿಗೆಯಲ್ಲಿ ಹಳ್ಳಿಯ ಹಾದಿಯ ಚಕ್ಕಡಿ ಜಾಡಿಗೆ ಇಳಿದರೆ ಕಾರಿನ ಹೊಟ್ಟೆ ನೆಲಕ್ಕೆ ತಾಗಿ, ಹಿಂದಿನ ಎರಡೂ ಗಾಲಿ ಬರೀ ಗಾಳಿಯಲ್ಲಿ ತಿರುಗುತ್ತವೆ. ಮಳೆ ಬಂತೆಂದರೆ ಮಾತೇ ಬೇಡ. ಮೊದಲ ಮಳೆಗೆ ನಾನು ಹುರುಪಿನಿಂದ ತಿರ್ಲಾಪುರಕ್ಕೆ ಕಾಲುನೋವಿನ ಎತ್ತೊಂದನ್ನು ನೋಡಲು ಹೋಗಿ, ಅದೇ ಎತ್ತಿನಿಂದ ಕಾರು ಎಳೆಸಿಕೊಂಡು ಬಂದೆ. ಎತ್ತಿನ ಕಾಲುನೋವು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಹೀಗಾಗಿ ಹಳ್ಳಿ ತಿರುಗಲು ನನ್ನ ಹಳೆಯ ಮೋಟಾರ್‌ಸೈಕಲ್ಲೇ ಗತಿಯಾಯಿತು. ಕಾರು ರವಿವಾರದ ದೇವರಾಯಿತು. ನನ್ನ ಹೆಂಡತಿ ಶಾಂತಾ ಒಮ್ಮೆ ಅದರಲ್ಲಿ ಸಂತೆಗೆ ಬಂದಳು. ಬಂದವಳು, "ನಾನೂ ನೀವೂ ಕುಂತ್ರ ಕಾಯಿಪಲ್ಲೆ ಚೀಲಕ್ಕ ಜಾಗಾ ಇಲ್ಲ. ಚೀಲಾ ಕುಂಡ್ರಿಸಿದ್ರ ನಂಗ ಜಾಗಾ ಇಲ್ಲ. ಯಾರನ್ನ ಕರಕೊಂಡ ಹೋಗ್ತೀರಿ ನೀವ ನೋಡ್ರಿ," ಎಂದು ಹೇಳಿ ಮುಂದಿನ ವಾರದಿಂದ ನಡೆದೇ ಹೋಗತೊಡಗಿದಳು.

ಈ ಕಾರಿನ ನಾಡಿ ಬಲ್ಲವನು ಊರಲ್ಲಿ ಒಬ್ಬನೇ ಇದ್ದ, ಮೋನಪ್ಪ ಮಿಸ್ತ್ರಿ. ಕಮ್ಮಾರರ ಪೈಕಿ. ಅವನ ತಂದೆ ನೇಗಿಲಿನ ಕುಡ, ಕುಡಗೋಲು ಬಡಿಯುತ್ತಿದ್ದ ಕುಲುಮೆಯ ಜಾಗದಲ್ಲೇ ಮೋನಪ್ಪ ತಗಡಿನ ಶೆಡ್ಡು ಹಾಕಿ ಪಂಪು, ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ. ಯಜಮಾನರ ಕಾಲದಲ್ಲಿ ಇಪ್ಪತ್ತು ವರ್ಷ ಈ ಕಾರು ಅವನ ಕೈಯಲ್ಲೇ ಇತ್ತು. ವಯಸ್ಸು ಅರವತ್ತಕ್ಕೆ ಹತ್ತಿರ. ನಾನು ಅವನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ, ಆದರೆ ಎದುರಿಗೆ 'ಮಿಸ್ತ್ರಿ, ಬರ್ರಿ' ಎಂದೇ ಕರೆಯುತ್ತಿದ್ದೆ. ಅವನು ಎಂಜಿನ್ನಿನ ಎಣ್ಣೆ ನೋಡುವ ಕ್ರಮವೇ ಬೇರೆ. ಉದ್ದನೆಯ ಕಡ್ಡಿಯನ್ನು ಎಳೆದು, ಅಳತೆಯ ಗೀಟು ನೋಡುವ ಮೊದಲು ಹೆಬ್ಬೆರಳು ತೋರುಬೆರಳ ನಡುವೆ ಒಂದು ಹನಿ ಹಿಡಿದು ನಿಧಾನವಾಗಿ ಉಜ್ಜುತ್ತಿದ್ದ. ಆಮೇಲೆ ಮೂಗಿಗೆ ಹಿಡಿಯುತ್ತಿದ್ದ. ಕಣ್ಣು ಮುಚ್ಚುತ್ತಿದ್ದ. ನನಗೆ ಎಮ್ಮೆಯ ಜ್ವರ ನೋಡಲು ಥರ್ಮಾಮೀಟರ್ ಬೇಕು. ಅವನಿಗೆ ಬೆರಳು ಸಾಕು.

ಅವನು ಹಾಕುತ್ತಿದ್ದುದು ಜಿಡ್ಡುಜಿಡ್ಡಾದ, ದಪ್ಪನೆಯ, ನಲವತ್ತು ನಂಬರಿನ ಎಣ್ಣೆ. ಇಪ್ಪತ್ತು ವರ್ಷದಿಂದ ಅದೇ.

ಎಂಜಿನ್ ಎಣ್ಣೆಯ ಬಗ್ಗೆ ನಿಮಗೊಂದು ಮಾತು ಹೇಳಬೇಕು. ರಾಜಕೀಯ ಬಿಟ್ಟರೆ ಇಷ್ಟು ಮತಭೇದವಿರುವ ಇನ್ನೊಂದು ವಿಷಯವನ್ನು ನಾನು ಕಂಡಿಲ್ಲ. ಕಾರು ಬಂದ ಸುದ್ದಿ ಹಬ್ಬಿದ್ದೇ ತಡ, ಊರಿನಲ್ಲಿ ಎಣ್ಣೆಯ ಪಂಡಿತರು ಎದ್ದುಬಿಟ್ಟರು. ಟ್ರ್ಯಾಕ್ಟರ್ ಇದ್ದವರು ಟ್ರ್ಯಾಕ್ಟರ್ ಎಣ್ಣೆಯೇ ಸೈ ಎಂದರು. ಬಸ್ಸಿನ ಡ್ರೈವರೊಬ್ಬರು ಇನ್ನೂ ದಪ್ಪನೆಯದು ಹಾಕಿರಿ, ಹೊಗೆ ನಿಲ್ಲುತ್ತದೆ ಎಂದರು. ಹತ್ತಿ ಗಿರಣಿಯ ಫಿಟರು ತೆಳ್ಳಗಿನದೇ ಬೇಕು ಎಂದು ಬೆಟ್ ಕಟ್ಟಲು ನಿಂತ. ಎಣ್ಣೆ ಗಾಣದ ಮುಪ್ಪಿನ ಯಜಮಾನರೊಬ್ಬರು ಮಾತ್ರ, "ನಮ್ಮ ಕುಸುಬಿ ಎಣ್ಣಿ ಒಮ್ಮಿ ಹಾಕಿ ನೋಡ್ರಿ, ವಾಸನಿನರ ಚಲೋ ಬರತೈತಿ," ಎಂದರು. ಅವರೊಬ್ಬರ ಮಾತೇ ಪ್ರಾಮಾಣಿಕವಾಗಿತ್ತೆಂದು ಈಗ ಅನ್ನಿಸುತ್ತದೆ.

ಹಾಗೆ ನೋಡಿದರೆ ಅದು ಪೂರ್ತಿ ಚೇಷ್ಟೆಯ ಮಾತೂ ಅಲ್ಲ. ಮೊದಮೊದಲ ವಿಮಾನಗಳಿಗೂ ಓಟದ ಕಾರುಗಳಿಗೂ ಔಡಲೆಣ್ಣೆಯನ್ನೇ, ಅಂದರೆ ಹರಳೆಣ್ಣೆಯನ್ನೇ ಹಾಕುತ್ತಿದ್ದರಂತೆ. ನಮ್ಮ ಹಿರಿಯರು ಚಕ್ಕಡಿಯ ಅಚ್ಚಿಗೆ ಅದೇ ಔಡಲೆಣ್ಣೆಯಲ್ಲಿ ಹುಲ್ಲು ಸುಟ್ಟ ಮಸಿ ಕಲಸಿ ಕೀಲೆಣ್ಣೆ ಮಾಡುತ್ತಿದ್ದರು. ಗಗನದಲ್ಲಿ ಹಾರುವವನಿಗೂ ಗದ್ದೆಯ ಹಾದಿಯಲ್ಲಿ ತೂಕಡಿಸುವವನಿಗೂ ಒಂದೇ ಎಣ್ಣೆ! ಇನ್ನು ಸಂಸ್ಕೃತದವರಂತೂ ಎಣ್ಣೆಗೆ ಸ್ನೇಹ ಎಂದೇ ಹೆಸರಿಟ್ಟರು. ವೈದ್ಯರು ಸ್ನೇಹಪಾನ ಎಂದರೆ ಗೆಳೆಯರ ಜೊತೆ ಕುಡಿಯುವುದಲ್ಲ, ತುಪ್ಪ, ಎಣ್ಣೆ ಕುಡಿಸುವುದು. ಕೂದಲೆಳೆಗಿಂತ ತೆಳುವಾದ ಪದರವೊಂದು ನಡುವೆ ಇರುವತನಕ ಎರಡು ಕಬ್ಬಿಣಗಳು ಒಂದರ ಮೇಲೊಂದು ವರ್ಷಗಟ್ಟಲೆ ತಿರುಗುತ್ತವೆ. ಆ ಪದರ ಹರಿದ ಗಳಿಗೆಯಿಂದ ಒಂದನ್ನೊಂದು ತಿನ್ನುತ್ತವೆ. ಇದನ್ನು ಕಂಡೇ ಆ ಹೆಸರಿಟ್ಟರೋ ಏನೋ.

ಇಂಥ ಪಾಂಡಿತ್ಯವೇ ನನ್ನನ್ನು ಕೆಡಿಸಿದ್ದು. ಹುಬ್ಬಳ್ಳಿಗೆ ಹೋದಾಗಲೆಲ್ಲ ಹಳೆಯ ಪುಸ್ತಕದ ಅಂಗಡಿಯಿಂದ ವಿಲಾಯತಿ ಕಾರಿನ ಪತ್ರಿಕೆಗಳನ್ನು ತರುತ್ತಿದ್ದೆ. ಅವುಗಳ ತುಂಬ ಹೊಸ ತರದ ಎಣ್ಣೆಯ ಗುಣಗಾನ. ಚಳಿಯಲ್ಲಿ ತೆಳ್ಳಗಿರುತ್ತದೆ, ಕಾದಾಗ ಬಲ ಬಿಡುವುದಿಲ್ಲ, ಎಂಜಿನ್ನಿನ ಒಳಗಿನ ಕೊಳೆಯನ್ನೆಲ್ಲ ಸಾಬೂನಿನಂತೆ ತೊಳೆಯುತ್ತದೆ. ದಸರೆಯ ಹೊತ್ತಿಗೆ ನಾನು ಮೋನಪ್ಪನೆದುರು ಈ ಪುರಾಣ ಬಿಚ್ಚಿದೆ. ಅವನು ಟ್ರ್ಯಾಕ್ಟರಿನ ಅಡಿಯಲ್ಲಿ ಮಲಗಿಕೊಂಡೇ ಪೂರ್ತಿ ಕೇಳಿದ.

"ಆ ಎಣ್ಣಿ ಕೆಟ್ಟದ್ದ ಅಂತ ನಾ ಅನ್ನಂಗಿಲ್ರಿ, ಸಾಹೇಬ್ರ. ಚಲೋನ ಐತಿ. ಆದ್ರ ಈ ಎಂಜಿನ್ ಇಪ್ಪತ್ತೈದ ವರ್ಷ ದಪ್ಪ ಎಣ್ಣಿ ಕುಡದೈತಿ. ಒಳಗ ರಾಡಿ ಗಟ್ಟಿಯಾಗಿ ಕುಂತಿರತೈತಿ. ಮೊದ್ಲ ಹೊಟ್ಟಿ ಬಿಚ್ಚಿ ತೊಳೀಬೇಕು, ಆಮ್ಯಾಲ ನಿಮ್ಮ ಎಣ್ಣಿ ಹಾಕೂಣು."

"ಯಾವಾಗ ಬಿಚ್ಚೂಣ್ರಿ?"

"ಹಿಂಗಾರಿ ಬಿತ್ತಿಗಿ ಮುಗೀಲ್ರಿ. ಈಗ ಟ್ರ್ಯಾಕ್ಟರ್ ನಿಂತ್ರ ಮಂದಿ ನನ್ನ ಬಿತ್ತತಾರ."

ಅವನು ಹೇಳಿದ್ದು ನ್ಯಾಯವಾಗಿತ್ತು. ಆದರೆ ನ್ಯಾಯವಾದ ಮಾತು ಕಾಯಿಸುವ ಮಾತೂ ಆಗಿದ್ದರೆ ಅದು ನಮಗೆ ಹಟದಂತೆ ಕೇಳಿಸುತ್ತದೆ. ಮುದುಕನಿಗೆ ಹೊಸದು ಬೇಡವಾಗಿದೆ ಎಂದುಕೊಂಡೆ. ಅಷ್ಟರಲ್ಲಿ ನೀಲಮ್ಮನವರೂ, "ದೀಪಾವಳಿ ಮುಗದ ಮ್ಯಾಲ ಹೋಗೂಣೇನ್ರಿ, ಡಾಕ್ಟ್ರ?" ಎಂದು ಹೇಳಿ ಕಳಿಸಿದ್ದರು. ಅವರನ್ನು ಕೂರಿಸಿಕೊಂಡು ಹೋಗುವ ದಿನ ಎಂಜಿನ್ನು ರೇಷ್ಮೆಯಂತೆ ಓಡಬೇಕೆಂಬ ಆಸೆ ನನಗೆ. ಒಂದು ರವಿವಾರ ಹುಬ್ಬಳ್ಳಿಯಿಂದ ಹೊಸ ಎಣ್ಣೆಯ ಡಬ್ಬಿ ತಂದೆ. ಡಬ್ಬಿಯ ಮೇಲೆ ಓಡುವ ಕಾರಿನ ಚಿತ್ರವಿತ್ತು. ಹಿತ್ತಲಲ್ಲಿ ಕಾರಿನಡಿ ಬೋಗುಣಿಯಿಟ್ಟು ಹಳೆಯದನ್ನು ಇಳಿಸಿ, ಹೊಸದನ್ನು ಸುರಿದೆ.

ಶಾಂತಾ ಬಾಗಿಲಲ್ಲಿ ನಿಂತು, "ಮೋನಪ್ಪಗ ಹೇಳೀರೇನು?" ಎಂದಳು.

"ಹೇಳೇನಿ," ಎಂದೆ. ಹೇಳಿದ್ದೆನಲ್ಲ, ದಸರೆಯಲ್ಲಿ!

ಮುಂದಿನ ಎರಡು ವಾರ ನನ್ನಷ್ಟು ಸುಖಿ ಅಣ್ಣಿಗೇರಿಯಲ್ಲಿ ಇರಲಿಲ್ಲ. ಬೆಳಿಗ್ಗೆ ಒಂದೇ ಸಲಕ್ಕೆ ಎಂಜಿನ್ ಶುರುವಾಗುತ್ತಿತ್ತು. ಸಪ್ಪಳ ತೆಳ್ಳಗಾಗಿತ್ತು. ಮೋನಪ್ಪನ ಶೆಡ್ಡಿನ ಮುಂದೆ ಹಾಯುವಾಗ ನಾನು ಬೇಕೆಂದೇ ಜೋರಾಗಿ ಹೋಗುತ್ತಿದ್ದೆ. ಅವನು ತಲೆಯೆತ್ತಿ ಕಾರನ್ನು ನೋಡುತ್ತಿದ್ದ, ನನ್ನನ್ನಲ್ಲ.

ದೀಪಾವಳಿ ಮುಗಿದ ಒಂದು ಮುಂಜಾನೆ ನೀಲಮ್ಮನವರು ಬಂದು ಕೂತರು. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ತಲೆಗೊಂದು ಶಾಲು ಕಟ್ಟಿಕೊಂಡಿದ್ದರು. ಕನ್ನಡಕ ತೆಗೆದು ಚೀಲದೊಳಗೆ ಇಟ್ಟರು. ಮನೆಯ ಸೊಸೆಯಂದಿರೆಲ್ಲ ಕಟ್ಟೆಗೆ ಬಂದು ನಿಂತು ನಗುತ್ತಿದ್ದರು. ಹುಬ್ಬಳ್ಳಿಯ ರಸ್ತೆ ಹಿಡಿದೆವು. ಎರಡೂ ಬದಿಗೆ ಹತ್ತಿ ಒಡೆದು ಬೆಳ್ಳಗೆ ನಿಂತಿತ್ತು. ವೇಗದ ಮುಳ್ಳು ನಲವತ್ತು ಮೈಲಿಗೆ, ಐವತ್ತು ಮೈಲಿಗೆ ಏರಿತು. ಅವರು ಕಣ್ಣು ಕಿರಿದು ಮಾಡಿ, ಬಾಯಿ ತುಸು ತೆರೆದು, ಗಾಳಿಯನ್ನು ಕುಡಿಯುವವರಂತೆ ಕೂತಿದ್ದರು.

"ಇನ್ನೊಂದೀಟು, ಡಾಕ್ಟ್ರ!"

ಅರವತ್ತಾಯಿತು. ಆಗಲೇ ನಾನು ಎಣ್ಣೆಯ ಒತ್ತಡ ತೋರಿಸುವ ಮುಳ್ಳನ್ನು ನೋಡಿದ್ದು. ಅದು ಇರಬೇಕಾದ ಜಾಗದಿಂದ ಅರ್ಧಕ್ಕೆ ಇಳಿದಿತ್ತು. ನಿಲ್ಲಿಸಬೇಕಿತ್ತು. ಅದು ನನಗೆ ಗೊತ್ತಿತ್ತು; ಪತ್ರಿಕೆಗಳಲ್ಲೆಲ್ಲ ಅದನ್ನೇ ಓದಿದ್ದೆ. ಆದರೆ ಪಕ್ಕದಲ್ಲಿ ಅರವತ್ತು ವರ್ಷದ ಹೆಣ್ಣುಮಗಳೊಬ್ಬಳು ಎಳೆಯ ಹುಡುಗಿಯಂತೆ ನಗುತ್ತಿದ್ದಾಳೆ. ಹಳೆಯ ಗಾಡಿ, ಮುಳ್ಳೂ ಹಳೆಯದು, ಸುಳ್ಳು ಹೇಳುತ್ತಿರಬೇಕು ಎಂದುಕೊಂಡೆ. ಇನ್ನೊಂದು ಮೈಲಿ ಹೋಗಿರಬಹುದು. ಮುಳ್ಳು ಸೊನ್ನೆಗೆ ಬಿತ್ತು. ಕಬ್ಬಿಣದ ಬಾಗಿಲನ್ನು ಯಾರೋ ಒಳಗಿನಿಂದ ಸುತ್ತಿಗೆಯಿಂದ ಬಡಿದಂತೆ ಟಕಟಕ ಸಪ್ಪಳ ಕೇಳಿಸಿತು. ನಿಲ್ಲಿಸುವಷ್ಟರಲ್ಲಿ ಎಂಜಿನ್ ತಾನೇ ನಿಂತಿತು.

ಅಣ್ಣಿಗೇರಿಗೆ ಹೊರಟಿದ್ದ ಬಸ್ಸಿನ ಡ್ರೈವರನ ಕೈಯಲ್ಲಿ ಮೋನಪ್ಪನಿಗೆ ಸುದ್ದಿ ಕಳಿಸಿದೆ. ಒಂದು ತಾಸಿಗೆ ಅವನು ಯಾರದೋ ಟ್ರ್ಯಾಕ್ಟರ್ ಹತ್ತಿಕೊಂಡು ಬಂದ. ಅಷ್ಟು ಹೊತ್ತೂ ನೀಲಮ್ಮನವರು ಬೇವಿನ ಗಿಡದ ನೆರಳಲ್ಲಿ ಕೂತಿದ್ದರು. ಅವನು ಇಳಿಯುತ್ತಲೇ, "ಏನಾತು ಮೋನಪ್ಪಾ? ಅವರಿದ್ದಾಗ ಈ ಗಾಡಿ ಎಂದೂ ಹಿಂಗ ಹಾದ್ಯಾಗ ನಿಂತಿರಲಿಲ್ಲ," ಎಂದರು.

ಅವನು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ ಈಗಲೂ ಆಶ್ಚರ್ಯವಾಗುತ್ತದೆ. "ಹೋದ ತಿಂಗಳ ಮಿಸ್ತ್ರಿನ ಎಣ್ಣಿ ಬದಲಿ ಮಾಡಿದ್ರಿ, ಅಮ್ಮಾರ. ಆವಾಗ ಏನೋ ಹೆಚ್ಚೂಕಡಿಮಿ ಆಗಿರಬೇಕು."

ಮೋನಪ್ಪ ಬಾನೆಟ್ ಎತ್ತಿದ. ಕಡ್ಡಿ ಎಳೆದ. ಬೆರಳ ನಡುವೆ ಹನಿ ಹಿಡಿದು ಉಜ್ಜಿದ, ಮೂಗಿಗೆ ಹಿಡಿದ. ಅವನಿಗೆ ಎಲ್ಲ ತಿಳಿಯಿತು. ತನ್ನ ಎಣ್ಣೆಯ ವಾಸನೆ ತನಗೆ ತಿಳಿಯದೇ? ತಿರುಗಿ ನನ್ನನ್ನು ನೋಡಿದ. ಸಿಟ್ಟಿನ ನೋಟವಲ್ಲ. ನಾನು ಬೇರೆ ಕಡೆ ನೋಡಿದೆ.

"ಹೌದ್ರಿ, ಅಮ್ಮಾರ," ಎಂದ ಮೋನಪ್ಪ. "ನಂದ ತಪ್ಪಾಗೇತಿ."

ನೀಲಮ್ಮನವರು ಅವನನ್ನು ಬೈದ ಬೈಗುಳವನ್ನು ನಾನು ಇಲ್ಲಿ ಬರೆಯಲಾರೆ. ಗಟ್ಟಿ ದನಿ, ಬಯಲು ಸೀಮೆ. ದೂರದಲ್ಲಿ ಹತ್ತಿ ಬಿಡಿಸುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನಿಂತರು. "ಇಪ್ಪತ್ತ ವರ್ಷ ಅವರು ನಿನ್ನ ನಂಬಿದ್ರು. ಕಣ್ಣ ಕಾಣವಲ್ದಾದ್ರ ಬಿಟ್ಟ ಕುಂಡ್ರಬೇಕು, ಹಾಳ ಮಾಡಬಾರದು," ಎಂಬುದು ಅದರಲ್ಲಿ ಎಲ್ಲಕ್ಕಿಂತ ಮೆತ್ತಗಿನ ಮಾತು. ಅವನು ತಲೆ ಬಗ್ಗಿಸಿ ಹಗ್ಗ ಬಿಗಿಯುತ್ತಿದ್ದ. ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಅವನ ಶೆಡ್ಡಿಗೆ ಎಳೆದರು. ನಾನೂ ನೀಲಮ್ಮನವರೂ ಬಸ್ಸಿನಲ್ಲಿ ಮನೆಗೆ ಬಂದೆವು.

ನನ್ನ ವೃತ್ತಿಯಲ್ಲಿ ದಿನಾ ನಡೆಯುವುದೊಂದುಂಟು. ಎತ್ತು ಹೊಟ್ಟೆಯುಬ್ಬರಿಸಿಕೊಂಡು ಬಂದಿರುತ್ತದೆ. 'ಏನ ಕುಡಿಸೀರಿ?' ಎಂದರೆ ರೈತ, 'ಏನೂ ಕುಡಿಸಿಲ್ರಿ' ಎನ್ನುತ್ತಾನೆ. ನಾನು ಎತ್ತಿನ ಬಾಯಿ ಬಿಡಿಸಿ ಮೂಸುತ್ತೇನೆ. ಇಂಗು, ಬೆಳ್ಳುಳ್ಳಿ, ಸೀಮೆಎಣ್ಣೆ, ಬಿದಿರಿನ ಗೊಟ್ಟದಲ್ಲಿ ಹೊಯ್ದದ್ದೆಲ್ಲ ಅಲ್ಲಿ ಘಮ್ಮೆನ್ನುತ್ತಿರುತ್ತದೆ. ಆಗ ನಾನು ಅವನಿಗೆ ಕೇಳಿ ಮಾಡಬೇಕು, ಕೇಳದೆ ಮಾಡಿದರೆ ಹೇಳಬೇಕು ಎಂದು ಗಂಟಲು ಹರಿಯುವಂತೆ ಉಪದೇಶ ಮಾಡುತ್ತೇನೆ. ಆ ರಸ್ತೆಯ ಬದಿಯ ದಿನದಿಂದ ನನಗೆ ಉಪದೇಶ ಮಾಡುವುದಾಗುತ್ತಿಲ್ಲ. ಬಾಯಿ ಮೂಸಿ, ಸುಮ್ಮನೆ ಔಷಧ ಕೊಡುತ್ತೇನೆ. ರೈತರು, 'ಡಾಕ್ಟ್ರು ಬಾಳ ಶಾಂತ ಆಗ್ಯಾರ' ಎಂದು ಮಾತಾಡಿಕೊಂಡರಂತೆ.

ಮೋನಪ್ಪನ ಶೆಡ್ಡಿನ ಕಡೆ ನಾನು ಹೋಗಲಿಲ್ಲ. ಕಾಲುಬಾಯಿ ಬೇನೆಯ ಚುಚ್ಚುಮದ್ದಿನ ಕೆಲಸವಿದೆ ಎಂದು ಮನೆಯಲ್ಲಿ ಹೇಳಿದೆ. ಇತ್ತು ಕೂಡ, ಆದರೆ ಅಷ್ಟಿರಲಿಲ್ಲ. ಆಸ್ಪತ್ರೆಗೆ ಹೋಗಲು ಬಜಾರದ ಹಾದಿ ಬಿಟ್ಟು ಕೆರೆಯ ಸುತ್ತು ಹಾಕುತ್ತಿದ್ದೆ. ಮೂರನೆಯ ವಾರ ಶಾಂತಾ ಯಾರದೋ ಮನೆಯ ಉಡಿ ತುಂಬುವ ಕಾರ್ಯಕ್ಕೆ ಹೋಗಿ ಬಂದವಳು ಕಾಲು ತೊಳೆಯುವ ಮೊದಲೇ ನನ್ನೆದುರು ನಿಂತಳು.

"ನೀಲಮ್ಮಾರು ತಮ್ಮ ಹೊಲದ ಪಂಪಾ ಮೋನಪ್ಪನ ಕಡಿಂದ ಬಿಡಿಸಿ ಗದಗಿನ ಮಿಸ್ತ್ರಿಗೆ ಕೊಟ್ಟಾರಂತ. ಅವರ ನೋಡಿ ಮತ್ತ ನಾಕ ಮಂದಿ ಬಿಡಿಸ್ಯಾರಂತ. ಅಂವಗ ಕೈ ನಡಗತಾವು, ಕಣ್ಣ ಹೋಗ್ಯಾವು ಅಂತ ಹೆಣಮಕ್ಕಳೆಲ್ಲಾ ಮಾತಾಡಾಕ್ಹತ್ತಿದ್ರು." ಅವಳು ಹಿತ್ತಲ ಬಾಗಿಲ ಕಡೆ ಕೈ ತೋರಿಸಿದಳು. "ಎಣ್ಣಿ ಸುರಿಯೂ ದಿನಾ ನಾ ಬಾಗಲದಾಗ ನಿಂತಿದ್ನಿ. ಆ ಮಾತು ಅಲ್ಲೇ ನನ್ನ ಬಾಯಿಗೆ ಬಂದಿತ್ತು, ನುಂಗಿಕೊಂಡ ಬಂದೇನಿ. ಅದು ನಿಮ್ಮ ಬಾಯಿಂದ ಬರಬೇಕು."

ಅಂದು ಸಂಜೆ ಶೆಡ್ಡಿಗೆ ಹೋದೆ. ಎಂದೂ ನಾಲ್ಕು ಟ್ರ್ಯಾಕ್ಟರ್ ನಿಂತಿರುತ್ತಿದ್ದ ಅಂಗಳದಲ್ಲಿ ಒಂದೂ ಇರಲಿಲ್ಲ. ಮೋನಪ್ಪ ಗೋಣಿ ಹಾಸಿಕೊಂಡು ಕೂತಿದ್ದ. ನನ್ನ ಕಾರಿನ ಎಂಜಿನ್ನಿನ ಭಾಗಗಳೆಲ್ಲ ತೊಳೆದು, ಒರೆಸಿ, ಬಿಳಿಯ ಧೋತರದ ತುಂಡಿನ ಮೇಲೆ ಸಾಲಾಗಿ ಇಟ್ಟಿದ್ದವು. ಒಂದನ್ನು ಮಾತ್ರ ತೊಳೆದಿರಲಿಲ್ಲ. ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿ ಅದು.

"ನೋಡ್ರಿ," ಎಂದ. ತೊಟ್ಟಿಯೊಳಗೆ ಎರಿ ಮಣ್ಣಿನ ರಾಡಿಯಂಥ ಕರಿಯ ಕೆಸರು. ಎಣ್ಣೆ ಹೀರುವ ಜಾಳಿಗೆಯ ಕಣ್ಣುಗಳೆಲ್ಲ ಅದರಿಂದ ಮುಚ್ಚಿಹೋಗಿದ್ದವು. "ನಿಮ್ಮ ಎಣ್ಣಿದು ತಪ್ಪಿಲ್ರಿ. ತೊಳಿ ಅಂದ್ರ ತೊಳದೈತಿ. ತೊಳದದ್ದು ಎಲ್ಲಿ ಹೋಗಬೇಕಂತ ನಾವು ನೋಡಲಿಲ್ಲ, ಅಷ್ಟ. ಜಾಳಗಿಗೆ ಬಂದ ಕುಂತೈತಿ. ಮ್ಯಾಲ ಎಣ್ಣಿ ಹತ್ತಿಲ್ಲ. ಬೇರಿಂಗ್ ಸುಟ್ಟಾವು."

ಅವನು 'ನಾವು' ಎಂದ. ನನಗೆ ಅದನ್ನು ತಡೆದುಕೊಳ್ಳುವುದಾಗಲಿಲ್ಲ.

"ಮಿಸ್ತ್ರಿ, ಅವತ್ತ ನೀವ್ಯಾಕ ನಿಮ್ಮ ಮ್ಯಾಲ ಹಾಕ್ಕೊಂಡ್ರಿ?"

ಅವನು ಬಟ್ಟೆಗೆ ಕೈ ಒರೆಸಿಕೊಂಡ. "ಅಮ್ಮಾರು ನಿಮ್ಮ ಸಂಗಾಟ ಬಂದಿದ್ರು. ಊರಿಂದ ಏಳೆಂಟ ಮೈಲಿ. ಅಲ್ಲೇ ನಿಮ್ಮ ಮ್ಯಾಲ ಸಿಟ್ಟಾಗಿದ್ರ ಮನಿಗೆ ಯಾರ ಸಂಗಾಟ ಹೋಗತಿದ್ರು? ನನ್ನ ಬೈದು ಅವರಿಗೆ ರೂಢಿ ಐತಿ. ಬೈಸಿಕೊಂಡು ನನಗೂ ರೂಢಿ ಐತಿ." ಆಮೇಲೆ ದನಿ ಇಳಿಸಿ ಹೇಳಿದ, "ಎರಡ ದಿನದಾಗ ನೀವ ಹೋಗಿ ಹೇಳ್ತೀರಿ ಅಂದ್ಕೊಂಡಿದ್ದೆ. ಕೆಲಸ ಕಡಿಮ್ಯಾತು ಅಂತ ಅಲ್ರಿ. ಕೈ ನಡಗತಾವು ಅಂದಾರ ನೋಡ್ರಿ, ಅದು ಬಾಳ ನಟ್ಟತು."

ತನ್ನ ಎರಡೂ ಕೈಗಳನ್ನು ನನ್ನ ಮುಂದೆ ಚಾಚಿ ಹಿಡಿದ. ಅವು ನಡುಗುತ್ತಿರಲಿಲ್ಲ.

ಅಲ್ಲಿಂದ ನೇರ ನೀಲಮ್ಮನವರ ಮನೆಗೆ ಹೋದೆ. ಪಡಸಾಲೆಯಲ್ಲಿ ಅವರ ಜೊತೆ ಸೊಸೆಯಂದಿರೂ ಕೂತಿದ್ದರು. ಸೊಸೆಯಂದಿರು ಒಳಗೆ ಹೋಗಲೆಂದು ಕಾಯಬೇಕೆನ್ನಿಸಿತು. ಕಾದರೆ ಹೇಳುವುದಾಗುವುದಿಲ್ಲವೆಂದು ಅವರೆದುರೇ ಎಲ್ಲವನ್ನೂ ಹೇಳಿದೆ. ಡಬ್ಬಿ, ಹಿತ್ತಲು, ಇಳಿದ ಮುಳ್ಳು, ಅದನ್ನು ನೋಡಿಯೂ ಓಡಿಸಿದ್ದು, ಎಲ್ಲ. ನೀಲಮ್ಮನವರು ಕೇಳುತ್ತ ಕೇಳುತ್ತ ಎದ್ದು ನಿಂತರು. ಹೊಡೆಯುತ್ತಾರೇನೋ ಎನ್ನಿಸಿತು, ಹೊಡೆದಿದ್ದರೆ ಹಗುರವಾಗುತ್ತಿತ್ತು. "ಬರ್ರಿ ನನ್ನ ಸಂಗಾಟ," ಎಂದಷ್ಟೇ ಅಂದರು.

ಸಂಜೆಯ ತುಂಬಿದ ಬಜಾರದಲ್ಲಿ ಅವರು ಮುಂದೆ, ನಾನು ಹಿಂದೆ. ಅವರು ಹಾಗೆ ಬಜಾರದಲ್ಲಿ ನಡೆದದ್ದನ್ನು ಊರು ಕಂಡಿರಲಿಲ್ಲವಾಗಿ ಹತ್ತು ಮಂದಿ ಬೆನ್ನು ಹತ್ತಿದರು. ಶೆಡ್ಡಿನ ಮುಂದೆ ನಿಂತು ಅವರು ಕೂಗಿದ್ದು ನನ್ನನ್ನಲ್ಲ, ಮೋನಪ್ಪನನ್ನು.

"ಮೋನಪ್ಪಾ! ಇವ್ರು ನಿನ್ನೆ ಮೊನ್ನೆ ಬಂದವ್ರು, ಅಂಜಿ ಸುಳ್ಳ ಹೇಳಿದ್ರು. ಇಪ್ಪತ್ತ ವರ್ಷದಾವ ನೀ ಯಾಕ ಸುಳ್ಳ ಹೇಳಿದಿ? ನನ್ನ ಬಾಯಿಲೆ ಅಂಥಾ ಮಾತ ಆಡಿಸಿದೆಲ್ಲ! ಕಣ್ಣ ಹೋಗ್ಯಾವಂತ ನಾ ಊರ ತುಂಬ ಹೇಳೇನಿ. ಈಗ ಆ ಮಾತ ಎಲ್ಲಿಂದ ಆರಿಸಿ ತರಲಿ?"

ಮೋನಪ್ಪ ಎದ್ದು ಕೈ ಕಟ್ಟಿ ನಿಂತ. "ತಪ್ಪಾತ್ರಿ, ಅಮ್ಮಾರ," ಎಂದ. ಈ ಸಲ ಅದು ಅವನ ತಪ್ಪೇ ಆಗಿತ್ತು. ಸೇರಿದವರು ನಕ್ಕರು. ಮೊದಲು ನಕ್ಕವರು ನೀಲಮ್ಮನವರೇ. ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮಾರನೆಯ ದಿನ ಅವರ ಪಂಪು ಗದಗಿನಿಂದ ವಾಪಸು ಬಂತು. ನಾನು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ, ಕೇಳಿದ ಪ್ರತಿಯೊಬ್ಬನಿಗೂ, ಕೇಳದವನಿಗೂ, ಎಣ್ಣೆ ಹಾಕಿದವನು ನಾನೇ ಎಂದು ಹೇಳುತ್ತ ಹೋದದ್ದು. ಒಬ್ಬನ ಮೇಲೆ ಹಾಕಿದ ಮಾತನ್ನು ತೆಗೆಯುವುದು ಆ ತೊಟ್ಟಿಯ ರಾಡಿ ಕೆರೆದಷ್ಟೇ ಕಷ್ಟ. ಪೂರ್ತಿ ಹೋಯಿತೆಂದು ಈಗಲೂ ಧೈರ್ಯದಿಂದ ಹೇಳಲಾರೆ.

ಬೇರಿಂಗುಗಳು ಮುಂಬಯಿಯಿಂದ ಬರಲು ತಿಂಗಳ ಮೇಲಾಯಿತು. ಎಂಜಿನ್ ಕೂಡಿಸಿದ ದಿನ ಯಾವ ಎಣ್ಣೆ ಹಾಕುವುದೆಂಬ ಪ್ರಶ್ನೆ ಮತ್ತೆ ಬಂತು. ನಾನು, "ನಿಮ್ಮ ನಲವತ್ತ ನಂಬರ್ ಹಾಕ್ರಿ, ಮಿಸ್ತ್ರಿ," ಎಂದೆ. ಅವನು, "ಈಗ ಹೊಟ್ಟಿ ಹಸನಾಗೇತಿ, ನಿಮ್ಮದ ಹಾಕೂಣ್ರಿ," ಎಂದ. ಇಬ್ಬರೂ ಒಬ್ಬರ ಎಣ್ಣೆಯನ್ನೊಬ್ಬರು ಹೊಗಳುತ್ತ ಅರ್ಧ ತಾಸು ನಿಂತೆವು. ಕೊನೆಗೆ ಹೊಸದೇ ಹೋಯಿತು. ಈ ಸಲ ಸುರಿದವನು ಅವನು. ಡಬ್ಬಿ ಹಿಡಿದವನು ನಾನು.

ಸಂಕ್ರಾಂತಿಗೆ ತುಸು ಮೊದಲು ನೀಲಮ್ಮನವರು ಮತ್ತೆ ಸೆರಗು ಬಿಗಿದು ಬಂದರು. ಊರ ಹೊರಗೆ ಹುಬ್ಬಳ್ಳಿ ರಸ್ತೆಯ ಸಣ್ಣ ಸೇತುವೆಯ ಹತ್ತಿರ ಕಾರು ನಿಲ್ಲಿಸಿಕೊಂಡು ನಾನೂ ಮೋನಪ್ಪನೂ ಕಾಯುತ್ತಿದ್ದೆವು. ಅವರು ಕೂತವರು ನನ್ನನ್ನು ನೋಡಿದರು, ಮೋನಪ್ಪನನ್ನು ನೋಡಿದರು.

"ಇಪ್ಪತ್ತ ವರ್ಷ ಇದರ ಅಡಿಯಾಗ ಮಲಗಿದಿ. ಒಮ್ಮೆರ ಮ್ಯಾಲ ಕುಂತ ಜೋರ ಹೊಡದಿಯೇನು?"

"ಇಲ್ರಿ. ಶೆಡ್ಡಿಂದ ಮನಿ, ಮನಿಂದ ಶೆಡ್ಡ. ಅಷ್ಟ."

"ಹತ್ತು."

ಮೋನಪ್ಪ ನನ್ನ ಮುಖ ನೋಡಿದ. ನಾನು ಕೀಲಿಕೈ ಕೊಟ್ಟೆ. ಕಾರು ಹೊರಟಿತು. ಮೊದಲು ಮೆಲ್ಲಗೆ, ಆಮೇಲೆ ಆ ಸಪ್ಪಳ ಮೇಲೆದ್ದು, ಕಡಲೆ ಹೊಲಗಳ ನಡುವೆ ಕೆಂಪು ಚುಕ್ಕೆಯಾಗಿ, ಇಲ್ಲವಾಯಿತು.

ಹೊಲದ ಬದುವಿನಲ್ಲಿ ಕುರಿ ಮೇಯಿಸುತ್ತಿದ್ದ ಹಿರಿಯನೊಬ್ಬ ಕಂಬಳಿ ಹೆಗಲಿಗೇರಿಸಿ ನನ್ನ ಹತ್ತಿರ ಬಂದ.

"ಯಾರದ್ರಿ ಆ ಗಾಡಿ?"

"ನಂದ," ಎಂದೆ.

"ಮತ್ತ ನೀವ್ಯಾಕ ಇಲ್ಲಿ ನಿಂತೀರಿ?"

"ಅದರಾಗ ಎರಡ ಸೀಟ ಅದಾವು."

ಅವನಿಗೆ ಏನರ್ಥವಾಯಿತೋ, ಉಡಿಯಿಂದ ಹಸಿಯ ಕಡಲೆಯ ಸುಲಗಾಯಿ ಗಿಡವೊಂದನ್ನು ತೆಗೆದು ನನ್ನ ಕೈಗಿಟ್ಟ. ಇಬ್ಬರೂ ಸೇತುವೆಯ ಕಟ್ಟೆಯ ಮೇಲೆ ಕೂತೆವು.

ಮುಕ್ಕಾಲು ತಾಸಿಗೆ ಕಾರು ಬಂತು. ಮೋನಪ್ಪನ ತಲೆಯ ರುಮಾಲು ಎಲ್ಲಿಯೋ ಹಾರಿಹೋಗಿತ್ತು; ಅದರ ಪರಿವೆ ಅವನಿಗೆ ಇದ್ದಂತೆ ಕಾಣಲಿಲ್ಲ. ನೀಲಮ್ಮನವರ ಕಣ್ಣಲ್ಲಿ ಗಾಳಿಗೆ ನೀರು ಬಂದಿತ್ತು.

"ಹೆಂಗಿತ್ರಿ, ಅಮ್ಮಾರ?"

ಅವರು ಎದುರಿನ ರಸ್ತೆಯನ್ನೇ ನೋಡುತ್ತಿದ್ದರು. "ಇಷ್ಟ ಚಂದ ಇತ್ತಂದ್ರ ಅವರು ನನಗ ಹೇಳಬೇಕಿತ್ತಿಲ್ಲ, ಡಾಕ್ಟ್ರ?" ಎಂದರು. ದನಿಯಲ್ಲಿ ನಿಜವಾದ ಸಿಟ್ಟಿತ್ತು. ತೀರಿಕೊಂಡವರ ಮೇಲೆ ಅಷ್ಟು ಜೀವಂತವಾದ ಸಿಟ್ಟನ್ನು ನಾನು ಕಂಡಿರಲಿಲ್ಲ.

ಅವರು ಇಳಿಯಲೆಂದು ನಾನು ಬಾಗಿಲು ತೆರೆದೆ. ಅವರು ಇಳಿಯಲಿಲ್ಲ, ಬಾಗಿಲನ್ನು ತಾವೇ ಎಳೆದು ಹಾಕಿಕೊಂಡರು.

"ಮೋನಪ್ಪಾ, ತಿರುಗಿಸು. ಇನ್ನೊಮ್ಮಿ ಹೋಗೂಣು."

ನಾನು ಮರಳಿ ಕಟ್ಟೆಗೆ ಬಂದೆ. ಕುರಿಯವನು ಸರಿದು ಜಾಗ ಮಾಡಿಕೊಟ್ಟ.